ನಾರ್ಬರ್ಟ್ ಕ್ಲುಗ್‌ನ ಒಂಬತ್ತನೇ ಹಂತ

ನಾರ್ಬರ್ಟ್ ಕ್ಲುಗ್ ಯಾರನ್ನೇ ಕಂಡರೂ ಮೊದಲು ಮುಖ ನೋಡುವವನಲ್ಲ, ಹಾಕಿಕೊಂಡ ಬಟ್ಟೆಯ ಹೊಲಿಗೆ ನೋಡುತ್ತಾನೆ. ನನ್ನ ತಂಗಿಯ ಮಗಳ ಮದುವೆಯ ದಿನ ಚರ್ಚಿನ ಮೆಟ್ಟಿಲ ಮೇಲೆ ಮದುಮಗಳ ಮುಸುಕು ಕೈಗೆತ್ತಿಕೊಂಡು, "ಇದು ಮೆಷಿನ್ ಕೆಲಸ. ಕೈ ಕಸೂತಿ ಅಂತ ಹೇಳಿ ಟೋಪಿ ಹಾಕಿದ್ದಾರೆ" ಎಂದವನು ಇವನೇ. ಹುಡುಗಿ ಅತ್ತೇಬಿಟ್ಟಳು. ನಾನು ಅವನ ರಟ್ಟೆ ಹಿಡಿದು ಆಚೆಗೆ ಎಳೆದುಕೊಂಡು ಹೋಗಿ, "ಇವತ್ತೊಂದಿನ ಬಾಯಿ ಮುಚ್ಕೊಂಡಿರು ಮಾರಾಯ" ಎಂದೆ. "ಹಾಗಾದ್ರೆ ಸುಳ್ಳು ಹೇಳ್ಲಾ?" ಎಂದ. ಸುಳ್ಳು ಹೇಳುವುದಕ್ಕೂ ಸುಮ್ಮನಿರುವುದಕ್ಕೂ ನಡುವೆ ಒಂದಿಷ್ಟು ಜಾಗ ಇದೆ ಎಂಬುದು ಅವನ ತಲೆಗೆ ಇವತ್ತಿನವರೆಗೂ ಹೋಗಿಲ್ಲ.

ನಾವಿಬ್ಬರೂ ಅಮೆರಿಕದ ಮಿಲ್ವಾಕಿ ನಗರದ ದಕ್ಷಿಣ ಭಾಗದಲ್ಲಿ ಹುಟ್ಟಿ ಬೆಳೆದವರು. ನಾನು ಬರ್ನಡೀನ್ ಗ್ರಾಬೊವ್ಸ್ಕಿ, ಕರೆಯುವವರಿಗೆಲ್ಲ ಬರ್ನಿ. ಹಳೆಯ ಸೋಫಾಗಳಿಗೆ, ದೋಣಿಯ ಸೀಟುಗಳಿಗೆ ಹೊಸ ಬಟ್ಟೆ ಹೊದಿಸುವ ಅಂಗಡಿ ನನ್ನದು. ನಾರ್ಬರ್ಟ್ ಮೂವತ್ನಾಲ್ಕು ವರ್ಷ ನಗರದ ತೂಕ-ಅಳತೆಯ ಕಚೇರಿಯಲ್ಲಿದ್ದ. ಮಾಂಸದಂಗಡಿಯ ತಕ್ಕಡಿ, ಪೆಟ್ರೋಲ್ ಪಂಪು, ಮರದ ಡಿಪೋದ ಅಳತೆಪಟ್ಟಿ ಇವನ್ನೆಲ್ಲ ಪರೀಕ್ಷಿಸುವುದು ಅವನ ಕೆಲಸ. ಹೊಲಿಗೆ ಬಂದದ್ದು ಅಮ್ಮನಿಂದ. ಆಕೆ ಶಾಲೆಗಳ ಬ್ಯಾಂಡಿನವರಿಗೆ ಸಮವಸ್ತ್ರ ಹೊಲಿಯುತ್ತಿದ್ದಳು. ಇವನು ಮೆಷಿನ್ ಕೆಳಗೆ ಕೂತು ಬಿದ್ದ ಗುಂಡಿ ಆರಿಸುತ್ತ ಎಲ್ಲವನ್ನೂ ಕಲಿತುಬಿಟ್ಟ. ಮದುವೆಯಾಗಲಿಲ್ಲ. ಯಾಕೆ ಅಂತ ನಾನು ಕೇಳಿಲ್ಲ, ಕೇಳುವ ಅಗತ್ಯವೂ ಕಂಡಿಲ್ಲ. ಶುಕ್ರವಾರ ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೆ ಕರಿದ ಮೀನಿನ ಊಟಕ್ಕೆ ಹೋಗುತ್ತೇವೆ. ಅಲ್ಲಿಯೂ ಅವನು ಮೀನಿನ ತುಂಡು ಎಣಿಸುತ್ತಾನೆ.

ಪ್ರತಿ ಫೆಬ್ರವರಿಯಲ್ಲಿ ಸರೋವರದ ದಂಡೆಯ ಹೋಟೆಲಿನಲ್ಲಿ ನಮ್ಮ ಸಮ್ಮೇಳನ. ವಿಡಿಯೋ ಆಟದ ಪಾತ್ರಗಳ ವೇಷ ಹಾಕುವವರ ಜಾತ್ರೆ ಅದು. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುತ್ತದೆ, ಆದರೂ ವೇಷದ ಮೇಲೆ ಕೋಟು ಹಾಕಿದರೆ ವೇಷ ಕೆಡುತ್ತದೆಂದು ಬರಿ ತೋಳಿನಲ್ಲಿ ಹಲ್ಲು ಕಡಿಯುತ್ತ ರಸ್ತೆ ದಾಟಿ ಬರುತ್ತಾರೆ, ಪುಣ್ಯಾತ್ಮರು. ಇವರ ಕಣ್ಣು ಸಾಮಾನ್ಯದ್ದಲ್ಲ. ಒಂದು ಗುರಾಣಿಯಲ್ಲಿ ಇರುವ ಮೊಳೆ ಹದಿನಾಲ್ಕೋ ಹದಿನೈದೋ ಎಂದು ಇಬ್ಬರು ಗೆಳೆಯರು ಎರಡು ವರ್ಷ ಮಾತು ಬಿಟ್ಟಿದ್ದರು. ಕೊನೆಗೆ ನಾರ್ಬರ್ಟ್ ಆ ಆಟದ ಭಿತ್ತಿಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿ, "ಮೊಳೆ ಹದಿನಾಲ್ಕು. ಇನ್ನೊಂದು ಮೊಳೆ ಉದುರಿ ಹೋದ ತೂತು" ಎಂದು ತೀರ್ಪು ಕೊಟ್ಟ. ಇಬ್ಬರೂ ಹೊಸ ಗುರಾಣಿ ಮಾಡಿ, ಒಂದು ತೂತು ಕೊರೆದು, ಅಕ್ಕಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಅಂಥವನನ್ನು ತೀರ್ಪುಗಾರ ಮಾಡದೆ ಬಿಡುತ್ತಾರೆಯೇ? ಹತ್ತೊಂಬತ್ತು ವರ್ಷ ಮಾಡಿದರು. ಅದರಲ್ಲಿ ಮೊದಲ ಹತ್ತು ವರ್ಷ ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ವೇದಿಕೆಗೆ ಹೋಗುವ ಮುಂಚೆ ಒಬ್ಬೊಬ್ಬರೂ ಒಂದು ಕೋಣೆಗೆ ಬಂದು ನಮ್ಮ ಮೇಜಿನ ಮುಂದೆ ನಿಲ್ಲಬೇಕು. ಏಳು ನಿಮಿಷ ಸಮಯ. ಕೆಲಸಕ್ಕೆ ನಲವತ್ತು ಅಂಕ, ಪಾತ್ರದಂತೆಯೇ ಇದೆಯೇ ಎಂಬುದಕ್ಕೆ ನಲವತ್ತು, ವೇದಿಕೆಗೆ ಇಪ್ಪತ್ತು. ಮಾಡಿದ್ದನ್ನೆಲ್ಲ ಫೋಟೋ ತೆಗೆದು ಒಂದು ಕಡತಕ್ಕೆ ಅಂಟಿಸಿ ತರುತ್ತಾರೆ. ನಾರ್ಬರ್ಟ್ ಎದುರು ನಿಂತಾಗ ದೊಡ್ಡ ದೊಡ್ಡ ಕವಚ ಹಾಕಿದವರ ಕಾಲೂ ನಡುಗುವುದನ್ನು ಕಂಡಿದ್ದೇನೆ.

ಹನ್ನೊಂದು ವರ್ಷದ ಹಿಂದೆ ಆ ಮೇಜಿನ ಮುಂದೆ ಪಾನ್ಯಾ ಶೊಂಗ್ ನಿಂತಳು. ಶಿಬಾಯ್ಗನ್ ಊರಿನ ಹುಡುಗಿ, ಹದಿನೇಳು ವರ್ಷ; ಲಾವೋಸಿನಿಂದ ಬಂದು ನೆಲೆಸಿದ, ಕಸೂತಿಗೆ ಹೆಸರಾದ ಹ್ಮಾಂಗ್ ಜನ. ಅವಳ ಅಜ್ಜಿ ಹೊರಗಿನ ಪಡಸಾಲೆಯಲ್ಲಿ ಕೋಟಿನ ಗುಂಡಿ ಬಿಚ್ಚದೆ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹುಡುಗಿ ಹಾಕಿದ್ದು ವೆಸ್ಕಾಳ ವೇಷ. 'ಕೆಂಡದ ಹಾದಿ' ಅಂತ ಒಂದು ಹಳೆಯ ಆಟ ಇದೆ, ಆಡಿದವರು ಕಡಿಮೆ, ಮುಗಿಸಿದವರು ಇನ್ನೂ ಕಡಿಮೆ. ಅದರಲ್ಲಿ ವೆಸ್ಕಾ ಊರಬಾಗಿಲ ಕಾವಲುಗಾರ್ತಿ. ಊರಿನ ಒಲೆಗಳೆಲ್ಲ ಆರಿಹೋದಾಗ ದೂರದ ಬೆಟ್ಟದಿಂದ ಬೆಂಕಿ ತರಲು ಹೊರಡುತ್ತಾಳೆ. ಅವಳ ಒಂದು ತೋಳು ಬರಿದು, ಇನ್ನೊಂದಕ್ಕೆ ಕಬ್ಬಿಣದ ಕವಚ.

ಹುಡುಗಿಯ ಕೆಲಸ ನೋಡಲು ನಾನು ಕುರ್ಚಿಯಿಂದ ಎದ್ದು ಬಗ್ಗಿದೆ. ಮೇಲುವಸ್ತ್ರದ ಕೆಳ ಅಂಚಿನಲ್ಲಿ ಮೂರು ಕಡೆ ಸುಟ್ಟ ಗುರುತು. ಬೆರಳಿಟ್ಟರೆ ಮಸಿ ಹತ್ತೀತು ಎನ್ನುವ ಹಾಗಿತ್ತು, ಆದರೆ ಅದು ಸುಟ್ಟದ್ದಲ್ಲ, ದಾರದಿಂದ ಮಾಡಿದ್ದು. ಸಾಸಿವೆಗಿಂತ ಸಣ್ಣ ಗಂಟುಗಳು. ಅಜ್ಜಿ ಕಲಿಸಿದ್ದಂತೆ.

ನಾರ್ಬರ್ಟ್ ಆಟದ ಡಬ್ಬಿಯ ಜೊತೆ ಬರುವ ಪುಸ್ತಿಕೆ ತೆಗೆದ. ಆರನೇ ಪುಟದ ಚಿತ್ರ ನೋಡಿದ, ಹುಡುಗಿಯನ್ನು ನೋಡಿದ.

"ಕವಚ ಎಡಗೈಗೆ ಯಾಕಿದೆ?"

"ಇದು ವಾಪಸ್ ಬರೋ ವೆಸ್ಕಾ ಸರ್. ಬೆಂಕಿ ತಗೊಂಡು ಮನೆಗೆ ಬರೋವಾಗ ಹಿಂಗಿರ್ತಾಳೆ."

"ಪುಸ್ತಿಕೆಯಲ್ಲಿ ಬಲಗೈ ಇದೆ. ಮೇಲುವಸ್ತ್ರದ ಗಂಟೂ ಬಲಕ್ಕಿದೆ. ಸುಟ್ಟ ಗುರುತು ಎಲ್ಲೂ ಇಲ್ಲ."

"ಒಂಬತ್ತನೇ ಹಂತ ನೋಡಿದ್ದೀರಾ ಸರ್?"

ಹತ್ತೊಂಬತ್ತು ವರ್ಷದಲ್ಲಿ ಅವನನ್ನು ತಿರುಗಿ ಪ್ರಶ್ನೆ ಕೇಳಿದವರು ಬೆರಳೆಣಿಕೆ. ಅವನ ಕಿವಿ ಕೆಂಪಾಯಿತು. ಸರದಿಯಲ್ಲಿದ್ದ ಏಳೆಂಟು ಜನ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. "ನೋಡಮ್ಮ, ಹೊಸಬರು ಎಲ್ಲ ಮಾಡೋ ತಪ್ಪೇ ಇದು," ಎಂದ. "ಕನ್ನಡಿ ಮುಂದೆ ನಿಂತು ಅಳತೆ ತಗೊಂಡಿದ್ದೀಯ. ಕನ್ನಡಿಯಲ್ಲಿ ಎಡ ಬಲ ಆಗುತ್ತೆ."

ಬಾಗಿಲಲ್ಲಿದ್ದವರು ನಕ್ಕರು. ಹುಡುಗಿ ಅವಸರದಿಂದ ಕಡತದ ಕೊನೆಯ ಪುಟ ತೆಗೆಯಲು ಹೋದಳು. "ಏಳು ನಿಮಿಷ ಆಯ್ತು," ಎಂದು ನಾರ್ಬರ್ಟ್ ಗಡಿಯಾರ ತೋರಿಸಿದ. ಪಾತ್ರದ ಹೋಲಿಕೆಗೆ ನಲವತ್ತರಲ್ಲಿ ಹನ್ನೆರಡು ಬರೆದ. ನನಗೆ ಆ ಕೊನೆಯ ಪುಟ ನೋಡಬೇಕಿತ್ತು. ನೋಡೋಣ ತಾಳು ಅನ್ನಬೇಕಿತ್ತು. ಅನ್ನಲಿಲ್ಲ. ಅವನ ಅಂಕದ ಕೆಳಗೆ ನಾನೂ ಸಹಿ ಹಾಕಿದೆ, ಹಾಳಾದವಳು.

ಅರ್ಧ ಗಂಟೆಯಲ್ಲಿ ಇಡೀ ಹೋಟೆಲಿಗೆ ಅವಳು 'ಕನ್ನಡಿ ಹುಡುಗಿ' ಆಗಿಬಿಟ್ಟಿದ್ದಳು. ವೇದಿಕೆಗೆ ಅವಳ ಹೆಸರು ಕರೆದಾಗ ಯಾರೂ ಬರಲಿಲ್ಲ. ಅಜ್ಜಿ ಮೊಮ್ಮಗಳು ಹಿಮದಲ್ಲಿ ಕಾರಿನ ಕಡೆ ನಡೆದು ಹೋಗುವುದನ್ನು ನಾನು ಕಿಟಕಿಯಿಂದ ನೋಡಿದೆ. ಮುಂದಿನ ವರ್ಷದಿಂದ ನಾನು ತೀರ್ಪಿನ ಕುರ್ಚಿ ಬಿಟ್ಟು, ಅದೇ ಕೋಣೆಯ ಮೂಲೆಯಲ್ಲಿ ರಿಪೇರಿ ಮೇಜು ಹಾಕಿಕೊಂಡೆ. ಕಿತ್ತುಬಂದ ರೆಕ್ಕೆ, ಮುರಿದ ಕತ್ತಿ, ಹರಿದ ಚಡ್ಡಿ ಎಲ್ಲಕ್ಕೂ ಅಂಟು, ಪಿನ್ನು, ಮೀನಿನ ಗಾಳದ ದಾರ ನನ್ನಲ್ಲಿ ಸಿಗುತ್ತದೆ. ಯಾಕೆ ಕುರ್ಚಿ ಬಿಟ್ಟೆ ಅಂತ ನಾರ್ಬರ್ಟ್ ಕೇಳಿದ. ಬೆನ್ನು ನೋವು ಅಂದೆ.

ಅಲ್ಲಿಂದ ಒಂಬತ್ತೂವರೆ ವರ್ಷ ಕಳೆಯಿತು. ಹೋದ ವರ್ಷಕ್ಕಿಂತ ಹಿಂದಿನ ಬೇಸಗೆಯಲ್ಲಿ ನಾರ್ಬರ್ಟ್‌ನ ಸೊಂಟದ ಕೀಲಿಗೆ ಆಪರೇಷನ್ ಆಯಿತು. ಆರು ವಾರ ಕುರ್ಚಿ ಬಿಟ್ಟು ಏಳುವಂತಿಲ್ಲ. ನಾನು ದಿನಾ ಸಾರು, ಬ್ರೆಡ್ಡು ಕೊಟ್ಟು ಬರುತ್ತಿದ್ದೆ. ಎರಡನೇ ವಾರಕ್ಕೇ ಅವನು ನನ್ನ ಪ್ರಾಣ ಹಿಂಡಲು ಶುರು ಮಾಡಿದ. ಪರದೆ ಅರ್ಧ ಅಂಗುಲ ಓರೆಯಾಗಿದೆ, ನರ್ಸಮ್ಮನ ಜೇಬಿನ ಹೊಲಿಗೆ ಬಿಟ್ಟಿದೆ, ಇಂಥವೇ.

"ಒಂದು ಆಟ ತಂದುಕೊಡ್ತೀನಿ, ಆಡ್ಕೊಂಡು ತೆಪ್ಪಗಿರು," ಎಂದೆ.

ಅವನು ಕಿಟಕಿಯ ಕಡೆ ನೋಡಿದ. "ನಂಗೆ ಆಡೋಕೆ ಬರಲ್ಲ ಬರ್ನಿ."

"ಯಾವುದು ಬರಲ್ಲ?"

"ಯಾವುದೂ. ಒಂದೂ ಆಡಿಲ್ಲ ನಾನು."

ನನಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಹತ್ತೊಂಬತ್ತು ವರ್ಷ ಆಟಗಳ ವೇಷಕ್ಕೆ ತೀರ್ಪು ಕೊಟ್ಟ ಮಹಾನುಭಾವ ಒಂದೇ ಒಂದು ಆಟ ಆಡಿಲ್ಲ! ಪುಸ್ತಿಕೆ, ಡಬ್ಬಿಯ ಚಿತ್ರ, ಭಿತ್ತಿಚಿತ್ರ ಇಷ್ಟೇ ಅವನು ನೋಡಿದ್ದು. "ಬಟ್ಟೆ ನೋಡೋಕೆ ಅಷ್ಟು ಸಾಕಿತ್ತು," ಎಂದ, ಸಣ್ಣ ದನಿಯಲ್ಲಿ. ಅಷ್ಟು ಸಣ್ಣ ದನಿ ಅವನದು ನಾನು ಕೇಳಿರಲಿಲ್ಲ.

ನಮ್ಮಣ್ಣನ ಮನೆಯ ನೆಲಮಾಳಿಗೆಯಲ್ಲಿ ಹಳೆಯ ಆಟದ ಯಂತ್ರವೂ ಒಂದು ಪೆಟ್ಟಿಗೆ ಆಟಗಳೂ ಇದ್ದವು. ಅವುಗಳಲ್ಲಿ 'ಕೆಂಡದ ಹಾದಿ' ಇತ್ತು. ನಾನು ಬೇಕೆಂದೇ ಅದನ್ನು ಮೇಲೆ ಇಟ್ಟೆ. ಸುಳ್ಳು ಯಾಕೆ ಹೇಳಲಿ, ಆ ಹುಡುಗಿ ಕೇಳಿದ ಪ್ರಶ್ನೆ ಅಷ್ಟು ವರ್ಷವೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಇತ್ತು. ನಾರ್ಬರ್ಟ್‌ಗೆ ಅವಳ ನೆನಪೇ ಇರಲಿಲ್ಲ.

ಮೊದಲ ಹಂತದ ಮೊದಲ ಹಳ್ಳ ದಾಟಲು ಅವನಿಗೆ ನಾಲ್ಕು ದಿನ ಬೇಕಾಯಿತು. ಬೆರಳು ದಪ್ಪ, ಅವಸರವೇ ಗೊತ್ತಿಲ್ಲ. ವೆಸ್ಕಾ ಓಡಬೇಕಾದ ಕಡೆ ನಿಲ್ಲಿಸಿ ಅವಳ ಬೂಟಿನ ಲಾಡಿ ಎಣಿಸುತ್ತಿದ್ದ, ಅಷ್ಟರಲ್ಲಿ ತೋಳ ಬಂದು ಅವಳನ್ನು ತಿನ್ನುತ್ತಿತ್ತು. "ಓಡು ಅಂದ್ರೆ ಓಡಬೇಕು, ಅಲ್ಲೇನು ಲಾಡಿ ನೋಡ್ತೀಯ," ಎಂದು ನಾನು ತಲೆ ಚಚ್ಚಿಕೊಂಡೆ. "ಲಾಡಿ ಐದು ಇದೆ ಬರ್ನಿ. ಪುಸ್ತಿಕೆಯಲ್ಲಿ ನಾಲ್ಕು," ಎಂದ. ಮುಖ ಬಿಳಿಚಿತ್ತು.

ಸೊಂಟ ವಾಸಿಯಾಯಿತು, ನಡೆದಾಡಿದ, ಆದರೂ ಆಡುವುದು ಬಿಡಲಿಲ್ಲ. ಅಕ್ಟೋಬರಿನ ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿ ಸೋಫಾದ ಮೊಳೆ ಕೀಳುತ್ತಿದ್ದೆ, ಫೋನ್ ಬಂತು.

"ಬರ್ನಿ, ಎಡಕ್ಕೆ ನಡೀತಿದ್ದಾಳೆ."

"ಯಾರು?"

"ವೆಸ್ಕಾ. ಎಂಟು ಹಂತ ಎಡದಿಂದ ಬಲಕ್ಕೇ ಹೋದ್ಲು. ಈಗ ಬೆಂಕಿ ಸಿಕ್ತು. ಒಂಬತ್ತನೇ ಹಂತದಲ್ಲಿ ಮನೆಗೆ ಹೊರಟಿದ್ದಾಳೆ, ಬಲದಿಂದ ಎಡಕ್ಕೆ." ಆಟದ ಗುಂಡಿ ಒತ್ತಿದ ಸದ್ದು ಕೇಳಿಸಿತು. "ಕವಚ ಎಡಗೈಗೆ ಇದೆ. ಗಂಟು ಎಡಕ್ಕಿದೆ. ಮೇಲುವಸ್ತ್ರ ಮೂರು ಕಡೆ ಸುಟ್ಟಿದೆ."

ನಿಜ ಹೇಳಬೇಕೆಂದರೆ ಆಟ ಮಾಡಿದವರು ಸೋಮಾರಿತನಕ್ಕೆ ಅದೇ ಚಿತ್ರವನ್ನು ಮಗುಚಿ ಹಾಕಿರಬೇಕು; ಬಲಗೈಯದು ತಾನೇ ಎಡಗೈಗೆ ಬಂದಿದೆ. ಆದರೆ ನಮ್ಮ ಜನರಿಗೆ ತೆರೆಯ ಮೇಲೆ ಕಂಡದ್ದೇ ಸತ್ಯ. ಯಾಕೆ ಹಾಗಾಯಿತು ಎಂಬುದು ಲೆಕ್ಕಕ್ಕಿಲ್ಲ. ಈ ಕಾನೂನನ್ನು ಎಲ್ಲರಿಗೂ ಕಲಿಸಿದವನೇ ನಾರ್ಬರ್ಟ್.

"ಒಬ್ಬಳು ಹುಡುಗಿ ಇದ್ಲಲ್ಲ," ಎಂದ.

"ಪಾನ್ಯಾ ಶೊಂಗ್," ಎಂದೆ.

"ನಿಂಗೆ ಹೆಸರೂ ನೆನಪಿದೆಯಾ?"

"ನಾನ್ಯಾಕೆ ಕುರ್ಚಿ ಬಿಟ್ಟೆ ಅಂದ್ಕೊಂಡಿದ್ದೆ? ಬೆನ್ನು ನೋವಂತೆ, ಬೆನ್ನು ನೋವು."

ಅವನು ಫೋನ್ ಇಟ್ಟುಬಿಟ್ಟ. ಎರಡು ಶುಕ್ರವಾರ ಮೀನೂಟಕ್ಕೂ ಬರಲಿಲ್ಲ. ಮೂರನೆಯ ಶುಕ್ರವಾರ ಬಂದು ಕೂತು, ತಟ್ಟೆ ಮುಟ್ಟದೆ, "ತಕ್ಕಡಿ ತಪ್ಪು ತೂಗಿದ್ರೆ ನಾನು ಅಂಗಡಿಗೆ ಬೀಗ ಹಾಕಿಸ್ತಿದ್ದೆ," ಎಂದ. "ಅವಳನ್ನ ಹುಡುಕು ಬರ್ನಿ. ಅವಳು ಈಗಲೂ ಹೊಲೀತಿದ್ದಾಳಾ ಅಂತ ಒಂದು ಗೊತ್ತಾಗಬೇಕು ನಂಗೆ. ಹೊಲೀತಿದ್ರೆ ನಂಗೆ ನಿದ್ದೆ ಬರುತ್ತೆ."

ಹುಡುಕುವುದು ಕಷ್ಟವಾಗಲಿಲ್ಲ. ಶಿಬಾಯ್ಗನ್ನಿನಲ್ಲೇ ಇದ್ದಳು. ಕೃತಕ ಹಲ್ಲು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ. ನವೆಂಬರಿನ ಒಂದು ಬೆಳಗ್ಗೆ ನಾನು ಕಾರು ಓಡಿಸಿದೆ, ನಾರ್ಬರ್ಟ್ ದಾರಿಯುದ್ದಕ್ಕೂ ಮೈಲಿಗಲ್ಲು ಎಣಿಸಿದ. ಅವಳು ಬಿಳಿ ಅಂಗಿ ಹಾಕಿಕೊಂಡು ಹೊರಗಿನ ಕೋಣೆಗೆ ಬಂದಳು. ಬೆರಳ ತುದಿಯೆಲ್ಲ ಹಲ್ಲಿನ ಅಚ್ಚಿನ ಗಾರೆಯ ಪುಡಿ. ಇಪ್ಪತ್ತೇಳರ ಹೆಂಗಸು ಈಗ. ಆದರೆ ಅವನನ್ನು ನೋಡಿದ ಕ್ಷಣ ಮುಖ ಹದಿನೇಳಕ್ಕೆ ಹೋಯಿತು.

"ನೀನು ಹೇಳಿದ್ದು ಸರಿ," ಎಂದ ನಾರ್ಬರ್ಟ್, ನಮಸ್ಕಾರವಿಲ್ಲ, ಪೀಠಿಕೆ ಇಲ್ಲ. "ಒಂಬತ್ತನೇ ಹಂತ ನಾನು ನೋಡಿರ್ಲಿಲ್ಲ. ಈಗ ನೋಡ್ದೆ. ನನ್ನದು ತಪ್ಪು. ಕ್ಷಮಿಸು."

ಅವಳು ಕೈ ಒರೆಸಿಕೊಂಡಳು. "ಮಿಸ್ಟರ್ ಕ್ಲುಗ್, ನೀವು ಹೇಳಿಬಿಟ್ರಿ, ನಿಮಗೆ ಹಗುರ ಆಯ್ತು. ನನಗೇನಾಯ್ತು?"

"ಈಗಲೂ ಹೊಲಿತೀಯಾ?" ಎಂದಷ್ಟೇ ಕೇಳಿದ.

"ಇಲ್ಲ. ಅವತ್ತು ಕಾರಲ್ಲಿ ಅಜ್ಜಿ ಕೇಳಿದ್ರು, ನಾನು ಕಲಿಸಿದ್ದು ತಪ್ಪಾಗಿತ್ತಾ ಅಂತ. ಅವರಿಗೆ ನಿಮ್ಮ ಮಾತು ಅರ್ಥ ಆಗಿರ್ಲಿಲ್ಲ, ಜನ ನಕ್ಕಿದ್ದು ಕೇಳಿಸಿತ್ತು. ನಾನು ಎಷ್ಟು ಹೇಳಿದ್ರೂ ನಂಬಲಿಲ್ಲ. ಸಾಯೋವರೆಗೂ ತಮ್ಮ ಕಸೂತಿಯಲ್ಲೇ ಏನೋ ತಪ್ಪಿತ್ತು ಅಂದ್ಕೊಂಡಿದ್ರು. ಈಗ ಗುಂಡಿ ಕಿತ್ತುಬಂದ್ರೂ ನಾನು ಅಂಗಡಿಗೆ ಕೊಡ್ತೀನಿ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಾರ್ಬರ್ಟ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ಏನು ಮಾಡ್ಬೇಕು ಹೇಳು. ಮಾಡ್ತೀನಿ."

"ಆ ಮೇಜಿನ ಈಚೆ ಕಡೆ ಯಾವತ್ತಾದ್ರೂ ನಿಂತಿದ್ದೀರಾ ನೀವು?"

"ಇಲ್ಲ."

"ಒಂದ್ಸಲ ನಿಂತು ನೋಡಿ. ನೀವೇ ಮಾಡಿದ್ದು ಹಾಕ್ಕೊಂಡು."

"ನಿಲ್ತೀನಿ," ಎಂದ. ಆಮೇಲೆ, ಬಾಗಿಲ ಹತ್ತಿರ ಹೋದವನು ತಿರುಗಿ, "ಆಚೆ ಕಡೆ ನೀನು ಕೂತ್ಕೋಬೇಕು. ಬೇರೆಯವರು ನನಗೆ ಹೆದರ್ತಾರೆ, ಸರಿಯಾಗಿ ಅಂಕ ಕೊಡಲ್ಲ," ಎಂದ. ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಮುಂದಿನ ಫೆಬ್ರವರಿಗೆ ಬಟ್ಟೆ ಸಿದ್ಧವಾಗಲಿಲ್ಲ. ನಾರ್ಬರ್ಟ್ ತೀರ್ಪಿಗೂ ಕೂರಲಿಲ್ಲ, ರಾಜೀನಾಮೆ ಪತ್ರ ಕಳಿಸಿದ. ಅದರ ಮುಂದಿನ, ಅಂದರೆ ಈ ವರ್ಷದ ಫೆಬ್ರವರಿಗೆ ಸಿದ್ಧವಾಯಿತು. ವೆಸ್ಕಾಳ ವೇಷ, ಒಂಬತ್ತನೇ ಹಂತದ್ದು. ಅರವತ್ತೇಳರ ಗಂಡಸು ಸ್ತ್ರೀವೇಷ ಹಾಕುವುದು ನಮ್ಮ ಸಮ್ಮೇಳನದಲ್ಲಿ ಯಾರಿಗೂ ದೊಡ್ಡದಲ್ಲ. ನಾನು ದಂಗಾದದ್ದು ಮೀಸೆಯ ವಿಷಯಕ್ಕೆ. ನಲವತ್ತು ವರ್ಷದ ಮೀಸೆ ಬೋಳಿಸಿಕೊಂಡು ಬಂದಿದ್ದ. ಮೇಲ್ದುಟಿ ಆಗಷ್ಟೇ ಹುಟ್ಟಿದ ಮಗುವಿನದರ ಹಾಗೆ ಬೆಳ್ಳಗಿತ್ತು.

"ಮೀಸೆ ಯಾಕೋ ತೆಗೆದೆ?"

"ವೆಸ್ಕಾಗೆ ಇಲ್ಲ," ಎಂದ.

ಕೋಣೆಯಲ್ಲಿ ತೀರ್ಪಿನ ಮೇಜಿನ ಹಿಂದೆ ಪಾನ್ಯಾ ಇದ್ದಳು. ಬರುತ್ತಾಳೆಂಬ ನಂಬಿಕೆ ನನಗಿರಲಿಲ್ಲ. ಸಮ್ಮೇಳನದವರು ಮೂರು ಸಲ ಕರೆದಿದ್ದರಂತೆ, ಮೂರನೇ ಸಲಕ್ಕೆ ಒಪ್ಪಿದಳಂತೆ. ಬಾಗಿಲ ತುಂಬ ಜನ. ಹತ್ತೊಂಬತ್ತು ವರ್ಷ ಇವನ ಕೈಯಲ್ಲಿ ಅಂಕ ಕಳೆದುಕೊಂಡವರೆಲ್ಲ ಇವನು ನಿಲ್ಲುವುದನ್ನು ನೋಡಲು ಬಂದಿದ್ದರು. ನಾರ್ಬರ್ಟ್ ಮೇಜಿನ ಈಚೆ ನಿಂತ. ಕಾಲು ನಡುಗುತ್ತಿತ್ತು. ಆಪರೇಷನ್ ಆದ ಕಾಲಲ್ಲ, ಇನ್ನೊಂದು.

ಪಾನ್ಯಾ ಕವಚ ನೋಡಿದಳು. ಲಾಡಿ ಎಣಿಸಿದಳು, ಐದು. ಗಂಟು ನೋಡಿದಳು. ಮೇಜು ಬಳಸಿ ಈಚೆ ಬಂದು, ಮೊಣಕಾಲೂರಿ, ಸುಟ್ಟ ಗುರುತುಗಳನ್ನು ಕೈಗೆ ತೆಗೆದುಕೊಂಡಳು. ಅಲ್ಲೇ ಅವಳ ಕೈ ತಡೆಯಿತು.

"ಮಿಸ್ಟರ್ ಕ್ಲುಗ್, ಇದೇನು?"

"ಸುಟ್ಟಿದ್ದು. ಮೂರು ಕಡೆ. ಅಳತೆ ಸರಿಯಿದೆ."

"ಅಳತೆ ಸರಿಯಿದೆ. ಸುಟ್ಟ ಬಟ್ಟೆಗೆ ಯಾರಾದ್ರೂ ಅಂಚು ಮಡಚಿ ಹೊಲೀತಾರಾ?"

ನಾರ್ಬರ್ಟ್ ಬಗ್ಗಿ ನೋಡಿದ. ನಾನೂ ನೋಡಿದೆ. ಅಯ್ಯೋ ದೇವರೇ, ಮೂರೂ ಸುಟ್ಟ ಗುರುತುಗಳ ಸುತ್ತ ಒಂದೇ ಸಮ, ನೆಟ್ಟಗೆ, ಚೊಕ್ಕವಾಗಿ ಅಂಚು ಹೊಲಿದಿದ್ದ. ಬೆಂಕಿ ಬಿದ್ದ ಬಟ್ಟೆಯನ್ನೂ ಹಾಗೇ ಬಿಡಲು ಅವನ ಕೈ ಒಪ್ಪಿರಲಿಲ್ಲ. ಎಳೆ ಬಿಚ್ಚಿಕೊಳ್ಳಬಾರದು ಅಂತ ಅವನಮ್ಮ ಕಲಿಸಿದ್ದು.

"ಬಿಟ್ರೆ ಎಳೆ ಬರುತ್ತಲ್ಲಮ್ಮ," ಎಂದ.

"ಬರಬೇಕು. ಅವಳು ಬೆಂಕಿ ಹೊತ್ತುಕೊಂಡು ಬಂದಿದ್ದಾಳೆ. ದಾರಿಯಲ್ಲಿ ಕೂತು ಅಂಚು ಹೊಲ್ಕೊಂಡಳಾ?"

ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪಾನ್ಯಾ ತಲೆ ಎತ್ತಿ ಆ ಕಡೆ ನೋಡಿದಳು. "ನಗೋರು ಆಚೆ ಹೋಗಿ," ಎಂದಳು. ದನಿ ಏರಿಸಲಿಲ್ಲ. ಬಾಗಿಲು ಖಾಲಿಯಾಯಿತು. ಆಮೇಲೆ ಅಂಕ ಬರೆದಳು. ಹೋಲಿಕೆಗೆ ನಲವತ್ತಕ್ಕೆ ಇಪ್ಪತ್ತೊಂಬತ್ತು. ನಾರ್ಬರ್ಟ್ ಆ ಚೀಟಿ ಓದಿ, ಮಡಚಿ, ಮತ್ತೆ ಬಿಚ್ಚಿ ಓದಿದ. "ಸರಿಯಾಗಿದೆ," ಎಂದ. ಅವನ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಮುಚ್ಚಿಡುವುದೇನು.

ಕೋಣೆಯ ಸರದಿಯಲ್ಲಿ ಅವನೇ ಕೊನೆ; ವೇದಿಕೆಗೆ ಅಂಕ ಕೊಡುವವರು ಬೇರೆ. ಅವನು ನನ್ನ ಮೂಲೆಗೆ ಬಂದು ನಿಂತ. ವೇದಿಕೆಗೆ ಕರೆಯಲು ಇನ್ನೂ ಸ್ವಲ್ಪ ಹೊತ್ತಿತ್ತು. "ಬರ್ನಿ, ಬಿಚ್ಚು ಈ ಅಂಚನ್ನ," ಎಂದ. ನಾನು ಹೊಲಿಗೆ ಕತ್ತರಿ ತೆಗೆದು ಬಿಚ್ಚತೊಡಗಿದೆ. ಬಿಚ್ಚಿದ್ದೇನೋ ಆಯಿತು, ಎಳೆಗಳೆಲ್ಲ ಜೋತುಬಿದ್ದು ಇಲಿ ಕಡಿದ ಚಿಂದಿಯ ಹಾಗಾಯಿತು. ಸುಟ್ಟ ಹಾಗೆ ಕಾಣಲಿಲ್ಲ. ನಾನು ಕಪ್ಪು ದಾರ ಪೋಣಿಸಿ ಒಂದೆರಡು ಗಂಟು ಹಾಕಿದೆ. ಅದೂ ಹಾಳಾಯಿತು.

"ಹಂಗಲ್ಲ," ಎಂದಿತು ಹಿಂದಿನಿಂದ ಒಂದು ದನಿ.

ಪಾನ್ಯಾ ನಿಂತಿದ್ದಳು. ನನ್ನ ಕೈಯನ್ನೇ ನೋಡುತ್ತಿದ್ದಳು. "ಕಪ್ಪು ಒಂದೇ ಸಾಲದು. ಕಂದು, ಆಮೇಲೆ ಒಂದೆಳೆ ಕೆಂಪು. ಗಂಟು ಒಳಗಿಂದ ಹಾಕಬೇಕು, ಹೊರಗಿಂದಲ್ಲ. ಅಯ್ಯೋ, ಹಂಗಲ್ಲ ಅಂದ್ನಲ್ಲ."

"ಗೊತ್ತಿದ್ರೆ ನೀನೇ ಮಾಡು," ಎಂದು ನಾನು ರೇಗಿದೆ. ನಾನು ರೇಗುವವಳೇ. ಆದರೆ ಅವತ್ತು ಬೇಕೆಂದೇ ರೇಗಿದೆ. ಸೂಜಿಯನ್ನು ಅವಳ ಮುಂದೆ ಹಿಡಿದೆ.

ಅವಳು ಅದನ್ನು ತುಂಬ ಹೊತ್ತು ನೋಡಿದಳು. ನನ್ನ ಕೈ ನೋಯತೊಡಗಿತು, ಆದರೂ ಇಳಿಸಲಿಲ್ಲ. ನಾರ್ಬರ್ಟ್ ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದ. ಕೊನೆಗೆ ಅವಳು ನನ್ನ ಸ್ಟೂಲು ಎಳೆದುಕೊಂಡು ಅವನ ಕಾಲ ಬಳಿ ಕೂತಳು, ಸೂಜಿ ತೆಗೆದುಕೊಂಡಳು, ದಾರದ ತುದಿ ತುಟಿಗೆ ಹಚ್ಚಿ ನೆನೆಸಿದಳು.

ಮೊದಲ ಎರಡು ಗಂಟು ಸರಿ ಬರಲಿಲ್ಲ. ಬೆರಳು ಮರೆತಿದ್ದವು. ತನ್ನಷ್ಟಕ್ಕೆ ತಮ್ಮ ಭಾಷೆಯಲ್ಲಿ ಏನೋ ಬೈದುಕೊಂಡಳು. ಮೂರನೆಯದು ಬಂತು. ನಾಲ್ಕನೆಯದು ಬಂತು. ಆಮೇಲೆ ಅವಳ ಕೈ ಓಡುವುದು ನೋಡಬೇಕಿತ್ತು ನೀವು.

ಪಕ್ಕದ ಸಭಾಂಗಣದಿಂದ ನಾರ್ಬರ್ಟ್‌ನ ಹೆಸರು ಕರೆದರು. ಅವನು ಒಂದು ಹೆಜ್ಜೆ ಎತ್ತಿದ.

"ಅಲುಗಬೇಡಿ," ಎಂದಳು ಪಾನ್ಯಾ.

ಅವನು ಕಾಲು ಇಳಿಸಿದ. ಎರಡನೇ ಸಲ ಕರೆದರು. ಮೂರನೇ ಸಲವೂ ಕರೆದರು. ಓಡಿ ಹೋಗಿ ಸ್ವಲ್ಪ ತಾಳಿ ಎಂದು ಹೇಳಬಹುದಿತ್ತು, ನಾನು ಹೋಗಲಿಲ್ಲ. ವೇದಿಕೆಗೆ ಹೋಗದಿದ್ದರೆ ಸ್ಪರ್ಧೆಯಿಂದ ಹೆಸರು ಹೊಡೆಯುತ್ತಾರೆ. ಮುಂದಿನವರ ಹೆಸರು ಕರೆದರು, ಚಪ್ಪಾಳೆ ಕೇಳಿಸಿತು. ನಾರ್ಬರ್ಟ್ ಕಂಬದ ಹಾಗೆ ನಿಂತಿದ್ದ. ನಿಂತು ನಿಂತು ಸೊಂಟ ನೋಯುತ್ತಿತ್ತು ಅಂತ ಅವನ ಹಣೆಯ ಬೆವರೇ ಹೇಳುತ್ತಿತ್ತು, ಕೂರುತ್ತೀಯಾ ಎಂದು ನಾನು ಸನ್ನೆ ಮಾಡಿದರೆ ತಲೆ ಅಲ್ಲಾಡಿಸಿದ.

ಮೂರೂ ಗುರುತು ಮುಗಿಯುವ ಹೊತ್ತಿಗೆ ಸಭಾಂಗಣ ಖಾಲಿಯಾಗುತ್ತಿತ್ತು. ಪಾನ್ಯಾ ದಾರ ಕಡಿದು, ಹಿಂದೆ ಸರಿದು ನೋಡಿದಳು. ಬಟ್ಟೆ ಈಗಷ್ಟೇ ಬೆಂಕಿಯಿಂದ ತೆಗೆದಂತಿತ್ತು.

"ಈಗ ಎಷ್ಟು ಕೊಡ್ತೀಯ?" ಎಂದ ನಾರ್ಬರ್ಟ್.

"ಈಗ ಕೊಡೋಕಾಗಲ್ಲ. ಇದು ನಿಮ್ಮ ಕೆಲಸ ಅಲ್ವಲ್ಲ."

"ನಿಜ," ಎಂದ. ಪ್ರತಿಯೊಬ್ಬ ಸ್ಪರ್ಧಿಯೂ ಯಾವ ಭಾಗ ಯಾರು ಮಾಡಿದ್ದೆಂದು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಅವನು ತನ್ನ ಹಾಳೆ ತರಿಸಿಕೊಂಡ. ಎಲ್ಲ ಸಾಲಿನಲ್ಲೂ 'ನಾನು, ನಾನು' ಎಂದಿತ್ತು. ನನ್ನ ಪೆನ್ನು ಈಸಿಕೊಂಡು 'ಸುಟ್ಟ ಗುರುತುಗಳು' ಎಂಬ ಸಾಲಿನಲ್ಲಿ ತನ್ನದನ್ನು ಹೊಡೆದುಹಾಕಿ 'ಪಾನ್ಯಾ ಶೊಂಗ್' ಎಂದು ಬರೆದ. ಸ್ವಲ್ಪ ಯೋಚಿಸಿ, "ಕಲಿಸಿದವರ ಹೆಸರು?" ಎಂದು ಕೇಳಿದ.

ಅವಳು ಸೂಜಿಯನ್ನು ನನ್ನ ಮೇಜಿನ ಮೇಲಿಟ್ಟಳು. "ಯೂವಾ ಶೊಂಗ್," ಎಂದಳು ಆಮೇಲೆ. "ನಮ್ಮಜ್ಜಿ."

ಅವನು ಅದನ್ನೂ ಬರೆದ. ಪಕ್ಕದಲ್ಲಿ 'ಕೆಲಸದಲ್ಲಿ ತಪ್ಪಿಲ್ಲ' ಎನ್ನುವುದನ್ನು ದೊಡ್ಡ ಅಕ್ಷರದಲ್ಲಿ ಸೇರಿಸಿ, ತಾರೀಕು ಹಾಕಿ, ಹಾಳೆಯನ್ನು ಅವಳ ಕಡೆ ತಿರುಗಿಸಿದ. ಪಾನ್ಯಾ ಎರಡು ಸಲ ಓದಿದಳು. ತೀರ್ಪುಗಾರರ ಜಾಗದಲ್ಲಿ ಸಹಿ ಹಾಕಿ, ಪೆನ್ನನ್ನು ನನ್ನ ಕೈಗೆ ಕೊಟ್ಟಳು. ನಾನೂ ಅವಳ ಕೆಳಗೆ ಸಹಿ ಹಾಕಿದೆ.